ನನಗೊಬ್ಬನಿಗೇ ತೆರೆಯುತ್ತಿದ್ದ ಪುಟ

ಹುಲುಗೇಶ,

ನೀನು ಸತ್ತು ಎರಡು ತಿಂಗಳಾಯಿತು, ಇದನ್ನು ನೀನು ಓದಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅದಿರು ಕೊಳ್ಳುವ ಚೀನಾದವರು ನಾಳೆ ಹೊಸಪೇಟೆಯ ನಮ್ಮ ಆಫೀಸಿಗೆ ಬರುತ್ತಾರೆ. ಅಷ್ಟರೊಳಗೆ ಕಂಪನಿಯ ವೆಬ್‌ಸೈಟಿನ ಕೆಟ್ಟ ಲಿಂಕ್‌ಗಳನ್ನೆಲ್ಲ ಸರಿಮಾಡಲು ಮ್ಯಾನೇಜರ್ ಪ್ರಾಣೇಶ ಸರ್ ಹೇಳಿದರು. ನನ್ನ ಕಂಪ್ಯೂಟರ್ ಕೆಟ್ಟಿತ್ತು. ಪಕ್ಕದ ಮೇಜಿನದರಲ್ಲಿ ಒಂದೊಂದೇ ಒತ್ತಿ ನೋಡಿದೆ. 'ಚಾಲಕರ ದೂರು' ತೆರೆಯಲಿಲ್ಲ. ಸೈಟ್ ಮಾಡುವಾಗ ಆ ಲಿಂಕನ್ನು ನಾನು ನನ್ನದೇ ಕಂಪ್ಯೂಟರಿನೊಳಗಿನ ಫೈಲಿಗೆ ಕೊಟ್ಟುಬಿಟ್ಟಿದ್ದೆ. ಅದು ನನಗೊಬ್ಬನಿಗೇ ತೆರೆಯುತ್ತಿತ್ತು.

ದೂರು ಬಾಯಲ್ಲಿ ಹೇಳಿದರೆ ನಡೆಯದು, ಸೈಟಿನಲ್ಲೇ ಬರೆಯಬೇಕೆಂಬುದು ಇಲ್ಲಿನ ನಿಯಮ. ಅವತ್ತು ನೀನು ಸಂಡೂರಿನ ಗಣಿಯಿಂದ ಫೋನ್ ಮಾಡಿದ್ದೆ.

"ಲಾರಿ ಬ್ರೇಕ್ ಹಿಡೀವಲ್ದು ಲೇ. ದೂರು ಬರಿಯೋಣಂದ್ರ ಪುಟಾನ ತೆರೀವಲ್ದು."

"ನನಗ ತೆರೀತೈತಲ್ಲ! ಸ್ಟೇರಿಂಗ್ ತಿರುವೋ ಕೈಗೆ ಮೌಸ್ ಎಲ್ಲಿ ಬರಬೇಕು ಬಿಡಪ್ಪ."

ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ. ಆಫೀಸಿಡೀ ನಕ್ಕಿತು. ನೀನೂ ನಕ್ಕೆ. ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದವನು ನೀನೇ ಎಂದು ಅವರಿಗೆ ಹೇಳಲಿಲ್ಲ. ನೀನೂ ಹೇಳಲಿಲ್ಲ.

ಮೂರನೆಯ ದಿನ ಘಾಟಿಯ ತಿರುವಿನಲ್ಲಿ ನಿನ್ನ ಲಾರಿ ನಿಲ್ಲಲಿಲ್ಲ.

ಲಿಂಕ್ ಸರಿಮಾಡಿದೆ. ಎರಡು ನಿಮಿಷದ ಕೆಲಸ. ಪರೀಕ್ಷಿಸಲು ನಿನ್ನ ಹೆಸರು, ಲಾರಿಯ ನಂಬರು ಹಾಕಿ, 'ಬ್ರೇಕ್ ಹಿಡಿಯುತ್ತಿಲ್ಲ' ಎಂದು ಬರೆದು ಕಳಿಸಿದೆ. ನಾನೇ ಹಿಂದೆ ಬರೆದಿಟ್ಟಿದ್ದ ಉತ್ತರ ತಕ್ಷಣ ಪರದೆಗೆ ಬಂತು:

"ಹುಲುಗೇಶ ಅವರೇ, ನಿಮ್ಮ ದೂರು ತಲುಪಿದೆ. ದುರಸ್ತಿಯಾಗುವವರೆಗೆ ಗಾಡಿ ಓಡಿಸಬೇಡಿ."

ಹಿಂದೆ ನಿಂತಿದ್ದ ಪ್ರಾಣೇಶ ಸರ್, "ಮಸ್ತ್ ಆತು ನೋಡ್ರಿ. ಆ ಹೆಸರೊಂದು ಅಳಿಸಿಬಿಡ್ರಿ," ಎಂದರು.

ಅಳಿಸಿದೆ.