ನಡುಗೋಡೆಯ ಬಾಗಿಲಿನ ಆಚೆಗೆ

ಮಸೀದಿಯ ಮೆನಾರದ ಹಿಂದಿನ ಓಣಿ, ಕುದುಸ್
ಸುರೊ (ಮೊಹರಂ) ತಿಂಗಳ ಒಂಬತ್ತು, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ

ನನ್ನ ಒಡಹುಟ್ಟಿದವಳೂ ನಡುಗೋಡೆಯ ಆಚೆಯ ಮಹಾರಾಣಿಯೂ ಆದ ಮಸ್ಫೂಫಾ ಅಕ್ಕನಿಗೆ, ಈಚೆಯ ಬಡಪಾಯಿ ಝುಮ್ರೋತುನ್ ಮಾಡುವ ಸಲಾಂ.

ಬೆಚ್ಚಿಬೀಳಬೇಡ. ಮೂರು ವರ್ಷಗಳಿಂದ ಒಂದು ಮಾತೂ ಆಡದವಳು ಇವತ್ತು ಕಾಗದ ಬರೆದಿದ್ದಾಳಲ್ಲ, ಏನು ಕೇಡುಗಾಲ ಬಂತೋ ಎಂದು ನೀನು ಅಂದುಕೊಳ್ಳುತ್ತೀಯ. ಬಂದಿದೆ ಅಕ್ಕ, ಬಂದಿದೆ! ಕೇಡುಗಾಲ ನಿನ್ನ ಅಂಗಳಕ್ಕೆ ಅಳತೆ ಟೇಪು ಹಿಡಿದುಕೊಂಡೇ ಬಂದಿದೆ. ನನಗೆ ಎಲ್ಲವೂ ಗೊತ್ತು.

ಫೋನೇ ಮಾಡಬಹುದಿತ್ತು, ಆದರೆ ನಿನ್ನ ನಂಬರನ್ನು ಅಪ್ಪ ತೀರಿಕೊಂಡ ನಲವತ್ತನೇ ದಿನವೇ ಅಳಿಸಿದ್ದೇನೆ. ಓಣಿ ಸುತ್ತಿ ನಿನ್ನ ಮುಂಬಾಗಿಲಿಗೆ ಬರೋಣವೆಂದರೆ ಯಾತ್ರಿಕರ ಜಾತ್ರೆಯ ನಡುವೆ ಜಗಳವಾಡಿದಂತಾಗುತ್ತದೆ. ನಾಳೆ ನಮ್ಮೂರ ಸಂತ ಸುನಾನರ ಗೋರಿಗೆ ಹೊಸ ಪರದೆ ಏರುವ ದಿನ. ಬಸ್ಸುಗಳು ಬೆಳಗಿನಿಂದ ಜನರನ್ನು ಸುರಿಯುತ್ತಲೇ ಇವೆ. ನನ್ನ ಜೆನಾಂಗ್ ಮಿಠಾಯಿ ಮಧ್ಯಾಹ್ನಕ್ಕೇ ಖಾಲಿ. ಹಾಗಾಗಿ ಇದನ್ನು ನಡುಗೋಡೆಯ ಬಾಗಿಲ ಕೆಳಗಿನಿಂದ ತೂರಿಸುತ್ತಿದ್ದೇನೆ. ನೀನು ಅಗುಳಿ ಹಾಕಿಕೊಂಡು ಕೂತ ಅದೇ ಬಾಗಿಲು.

ಈಗ ದೋಷಾರೋಪಣೆ ಕೇಳು.

ಮೊದಲನೆಯದು ಆ ಬಡಗಿ ಸರ್ಪಾನ್. ಹೋದ ಗುರುವಾರ ನಿನ್ನ ಮನೆಯಿಂದ ಹೊರಬಂದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಟೇಪು, ಮುಖದಲ್ಲಿ ಮದುಮಗನ ಕಳೆ. ನಾನು ಅಂಗಡಿಯಿಂದಲೇ ಕೂಗಿದೆ: "ಏನಪ್ಪಾ ಸರ್ಪಾನ್, ನಮ್ಮಕ್ಕನ ಮನೇಲಿ ಏನು ಅಳೀತಿದ್ದೆ?" ಅವನು ಹಲ್ಲು ಕಿರಿದ. "ಹೇಳ್ಬೇಡ ಅಂದಿದ್ದಾರಮ್ಮ. ಸುರೊ ಹತ್ತಕ್ಕೆ ನಿಮಗೇ ಗೊತ್ತಾಗತ್ತೆ."

"ನನಗೆ ಮಾತ್ರ ಹೇಳ್ಬೇಡ ಅಂದ್ಳೋ, ಊರಿಗೆಲ್ಲ ಹೇಳ್ಬೇಡ ಅಂದ್ಳೋ?"

"ನಿಮಗೆ ಅಂತಲೇ ಒತ್ತಿ ಹೇಳಿದ್ರು."

ನನಗೆ ಅಂತಲೇ! ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಆ ಸದ್ದು. ಎರಡು ದಿನ ನಿನ್ನ ಕಡೆ ಸುತ್ತಿಗೆ ಬಡಿಯಿತು, ಗರಗಸ ಆಡಿತು, ಮರ ಹೆರೆಯುವ ಸದ್ದು ಕೇಳಿತು. ನಾನು ನಡುಬಾಗಿಲಿಗೆ ಅಡ್ಡವಿಟ್ಟ ಪಾತ್ರೆ ಬೀರುವಿಗೆ ಕಿವಿ ಹಚ್ಚಿ ನಿಂತೆ. ಹೌದು, ಕದ್ದು ಕೇಳಿದೆ. ಚಿಕ್ಕಂದಿನ ಆಟದಲ್ಲಿ ನೀನು ಸದಾ ರಾಜ, ನಾನು ಸದಾ ಗೂಢಚಾರ. ಆ ಪಾತ್ರ ಕೊಟ್ಟವಳು ನೀನೇ ತಾನೆ? ನಡುವೆ ಒಮ್ಮೆ ನಿನ್ನ ದನಿ ಬಂತು. "ಪೂರ್ತಿ ತೆಗೆದುಬಿಡು ಸರ್ಪಾನ್, ಇದು ಇದ್ದೂ ಏನು ಪ್ರಯೋಜನ?" ಎಂದೆ.

ಕೊನೆಯ ಏಟು ಕೊಟ್ಟವಳು ವೀಳ್ಯದೆಲೆ ಮಾರುವ ಕಸ್ರಿನಾ. ನಿನ್ನೆ ಅಂಗಡಿ ಮುಂದೆ ಬುಟ್ಟಿ ಇಳಿಸಿ, ಸುತ್ತ ನೋಡಿ, ಉಸುರಿದಳು. "ನಿಮ್ಮಕ್ಕ ಹಳೇ ಮರ ಕೊಳ್ಳೋನ ಜೊತೆ ಮಾತಾಡ್ತಿದ್ದರು ಕಣೇ. ಸಾಗುವಾನಿ ಎಷ್ಟು ವರ್ಷದ್ದು, ಗಟ್ಟಿ ಇದೆಯಾ ಅಂತೆಲ್ಲ. ನನಗ್ಯಾಕೆ ಬಿಡು, ಕೇಳಿದ್ದು ಹೇಳ್ದೆ."

ಸಾಕಲ್ಲವೆ! ಹೋದ ವರ್ಷ ನಮ್ಮ ಓಣಿಯ ಮೂಲೆಮನೆಗೆ ಏನಾಯಿತು? ರಾಜಧಾನಿಯವರು ಬಂದರು, ಕೆತ್ತನೆಯ ಗೋಡೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿದರು, ನಂಬರು ಬರೆದು ಲಾರಿಗೆ ತುಂಬಿದರು. ಈಗ ಅದು ಯಾವುದೋ ಹೋಟೆಲಿನಲ್ಲಿ ನಿಂತಿದೆಯಂತೆ, ಅದರ ಮುಂದೆ ಜನ ಐಸ್‌ಕ್ರೀಮ್ ತಿನ್ನುತ್ತಾರಂತೆ. ಅಕ್ಕಾ! ಅಪ್ಪನ ಸಾಗುವಾನಿ ಗೋಡೆಯ ಮುಂದೆ ಐಸ್‌ಕ್ರೀಮ್ ತಿನ್ನಿಸುತ್ತೀಯಾ?

ಆ ಗೋಡೆ ನಿನ್ನ ಪಾಲಿನ ಮನೆಯಲ್ಲಿದೆ, ನಿಜ. ಆದರೆ ಅದರ ಎಡಗಡೆ ಕೆತ್ತಿದ ಮಲ್ಲಿಗೆ ಹೂವಿಗೆ ಒಂದು ಎಸಳು ಕಡಿಮೆ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಪಾತಿ ಊರಿಗೆ ಕರೆದೊಯ್ದು ಡೇರೆ ನಾಟಕ ತೋರಿಸಿಕೊಂಡು ಬಂದ ಮರುದಿನ ನೀನು ಸೌಟು ಝಳಪಿಸಿ "ಎಲೈ ದ್ರೋಹಿ!" ಎಂದು ನನ್ನ ಮೇಲೆ ಎರಗಿದೆ. ನಾನು ಬಾಗಿದೆ. ಎಸಳು ಹಾರಿತು. ಮುರಿದವಳು ನೀನು, ಅಮ್ಮನ ಏಟು ತಿಂದವಳು ನಾನು. ಆ ಮುರಿದ ಎಸಳಿನ ಮೇಲೆ ನನಗೆ ಹಕ್ಕಿದೆ! ಅದನ್ನು ಮಾರುವ ಮೊದಲು ನನ್ನ ಸಹಿ ಬೇಕು. ನಾಳೆ ಬೆಳಿಗ್ಗೆ ಅನ್ನದ ಪೊಟ್ಟಣ ಹಂಚುವಾಗ ಮಸೀದಿಯ ಹಿರಿಯರ ಮುಂದೆ, ಇಡೀ ಓಣಿಯ ಮುಂದೆ, ಇದನ್ನು ಕೇಳಿಯೇ ಕೇಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಮೈಕು ಬೇಡ.

ನೀನು ಏನು ಹೇಳುತ್ತೀಯೆಂದೂ ಬಲ್ಲೆ. ಆ ಬಟ್ಟೆಯ ವಿಷಯ ಎತ್ತುತ್ತೀಯ. ಎತ್ತಬೇಡ. ಅಪ್ಪ ಮೂವತ್ತು ವರ್ಷ ಗೋರಿಯ ಪರದೆಗೆ ನೆರಿಗೆ ಹಿಡಿದು ಹೊಲಿದ, ಹಳೆಯ ಪರದೆಯ ತುಂಡೊಂದನ್ನು ಪ್ರಸಾದವಾಗಿ ತಂದು ಪೆಟ್ಟಿಗೆಯಲ್ಲಿಟ್ಟ, "ಇಬ್ಬರೂ ಅರ್ಧರ್ಧ ಮಾಡಿಕೊಳ್ಳಿ" ಎಂದ, ಕಣ್ಣು ಮುಚ್ಚಿದ. ನಲವತ್ತನೇ ದಿನ ಪೆಟ್ಟಿಗೆ ತೆರೆದರೆ ಬಟ್ಟೆ ಇರಲಿಲ್ಲ. ನೀನು ನನ್ನ ಮುಖ ನೋಡಿ "ಝುಮ್, ನೀನೇನಾದ್ರೂ ತಗೊಂಡ್ಯಾ?" ಎಂದೆ. ಒಡಹುಟ್ಟಿದವಳನ್ನು ಕೇಳುವ ಪ್ರಶ್ನೆಯೆ ಅದು? ನಾನು ಆಣೆ ಇಟ್ಟು ಇಲ್ಲವೆಂದೆ. ನೀನು "ಇರಲಿ ಬಿಡು" ಎಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಇರಲಿ ಬಿಡು" ಇದೆಯಲ್ಲ, ಅದು ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳು. ಅಂದೇ ಸಂಜೆ ಬಾಗಿಲು ಮುಚ್ಚಿತು. ಮುಚ್ಚಿದವಳು ನೀನು.

ಅದರ ಫಲ ಉಂಡವರು ಯಾರು? ನನ್ನ ಗಂಡ ಮುನಾಸಿರ್. ಪಾರ್ಶ್ವವಾಯು ಬಡಿದ ಮೇಲೆ ಎಡಗಾಲು ಎಳೆದುಕೊಂಡು ನಡೆಯುತ್ತಾರೆ. ನಿನ್ನ ಅಂಗಳ ದಾಟಿದರೆ ಮಸೀದಿ ಇಪ್ಪತ್ತು ಹೆಜ್ಜೆ. ಈಗ ಓಣಿ ಸುತ್ತಿ, ಮೋಟಾರು ಬೈಕುಗಳ ನಡುವೆ, ಗೋಡೆ ಹಿಡಿದುಕೊಂಡು ಹೋಗಬೇಕು. ಶುಕ್ರವಾರ ಯಾರದೋ ಬೈಕಿನ ಕನ್ನಡಿ ತಗುಲಿ ಬಿದ್ದರು. ನಿನ್ನ ಮನೆಯ ಗೋಡೆಗೆ ಒರಗಿಯೇ ಕೂತಿದ್ದರಂತೆ. ಆ ಸರ-ಸರ ಹೆಜ್ಜೆ ದಿನಕ್ಕೆ ಐದು ಹೊತ್ತು ನಿನ್ನ ಕಿಟಕಿಯ ಕೆಳಗೆ ಹಾಯುತ್ತದೆ. ಕೇಳಿಸಿಲ್ಲವೆನ್ನಬೇಡ.

ಇಷ್ಟೇ. ಉತ್ತರ ಬರೆಯುವುದಾದರೆ ಬರೆ. ಗೋಡೆ ಮಾರುವುದಾದರೆ ಆ ಒಂದು ಹೂವನ್ನಾದರೂ ಕೊಯ್ದು ನನಗೆ ಕೊಡು.

ನಿನ್ನ ಮೇಲೆ ಒಂದಿಷ್ಟೂ ನಂಬಿಕೆಯಿಲ್ಲದ,
ತಂಗಿ ಝುಮ್ರೋತುನ್

ತಾ.ಕ.: ಇದನ್ನು ಅರ್ಧ ತೂರಿಸಿದ್ದೆ ಅಕ್ಕ. ಮತ್ತೆ ಎಳೆದುಕೊಂಡು ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ನೆಲದ ಮೇಲೆ ಕೂತಿದ್ದೇನೆ.

ಪಾತ್ರೆ ಬೀರುವನ್ನು ಸರಿಸಿ ಬಾಗಿಲ ಬುಡದಲ್ಲಿ ಮಂಡಿಯೂರಿದೆ. ಅಲ್ಲಿ ಕಾಗದ ತೂರುವಷ್ಟು ಸಂದಿ ಇದ್ದೀತು ಎಂದುಕೊಂಡಿದ್ದೆ. ನನ್ನ ಇಡೀ ಮುಂಗೈ ಹೋಯಿತು. ಹೊಸ್ತಿಲೇ ಇಲ್ಲ! ನಾವು ಸಣ್ಣವರಿದ್ದಾಗ ಎಡವಿ ಹಲ್ಲು ಮುರಿದುಕೊಂಡ ಆ ಎತ್ತರದ ಹೊಸ್ತಿಲು ಹೋಗಿದೆ. ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದೆ. ನಿನ್ನ ಕಡೆ ಹೊಸ ಹಲಗೆಯ ಇಳಿಜಾರು ಕಂಡಿತು. ಅದರ ಪಕ್ಕದಲ್ಲಿ ಕೈ ಹಿಡಿಯಲು ನೆಟ್ಟ ಮರದ ಕಂಬಗಳ ಬುಡ, ಒಂದರ ಮುಂದೆ ಒಂದು, ಮಸೀದಿಯ ಕಡೆಗೆ. ಹಳೆಯ ಸಾಗುವಾನಿ. ಗಟ್ಟಿ ಇದೆಯಾ ಎಂದು ನೀನು ವಿಚಾರಿಸಿದ್ದು ಸರಿಯೇ. ಮುನಾಸಿರ್ ಪೂರ್ತಿ ಭಾರ ಬಿಟ್ಟು ನಡೆಯುತ್ತಾರೆ.

ಎದ್ದು ಎರಡು ಕದಗಳ ನಡುವಿನ ಸೀಳಿನಲ್ಲಿ ಕಣ್ಣಿಟ್ಟೆ. ಅದರಲ್ಲಿ ಎರಡು ಕಪ್ಪು ಪಟ್ಟಿ ಕಾಣಬೇಕಿತ್ತು, ನಿನ್ನ ಅಗುಳಿ, ನನ್ನ ಅಗುಳಿ. ಮೇಲಿನಿಂದ ಕೆಳಗಿನವರೆಗೂ ಬಿಸಿಲು. ಒಂದೇ ಒಂದು ಕಡೆ ಕಪ್ಪು. ಅದು ನನ್ನದು.

ಮೊದಲು ಹಾಕಿದವಳೂ ನಾನೇ. ನೀನು ಹಾಕಿದ ಸದ್ದು ಮರುದಿನ ಬೆಳಿಗ್ಗೆ ಕೇಳಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ ನನ್ನದು. ಬಟ್ಟೆ ಮುನಾಸಿರ್ ದಿಂಬಿನೊಳಗಿದೆ ಅಕ್ಕ. ಅಪ್ಪ ಹೋದ ಏಳನೇ ದಿನ ಇವರಿಗೆ ವಾಯು ಬಡಿಯಿತು, ವೈದ್ಯರು ಕೈ ಚೆಲ್ಲಿದರು, ನಾನು ಪೆಟ್ಟಿಗೆ ತೆರೆದೆ. ಅರ್ಧ ಸಾಲದೆಂದು ಪೂರ್ತಿ ತೆಗೆದೆ. ಇವರು ಉಳಿದರು. ಆಮೇಲೆ ತೆಗೆಯಲು ಧೈರ್ಯ ಬರಲಿಲ್ಲ, ತೆಗೆದ ದಿನವೇ ಏನಾದರೂ ಆದರೆ? ನಾನು ಕೇಳಿದ್ದರೆ ನೀನು ನಿನ್ನ ಪಾಲನ್ನೂ ಕೊಡುತ್ತಿದ್ದೆ ಎಂದು ಅವತ್ತೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಈಗ ದಿಂಬು ನನ್ನ ಕಂಕುಳಲ್ಲಿದೆ. ಹೊಲಿಗೆ ನೀನೇ ಬಿಚ್ಚು, ಕತ್ತರಿ ನೀನೇ ಹಾಕು. ಅಗುಳಿ ತುಕ್ಕು ಹಿಡಿದಿದೆ, ಕೊಬ್ಬರಿ ಎಣ್ಣೆ ಬಿಟ್ಟಿದ್ದೇನೆ. ಡೇರೆ ನಾಟಕ ಶುರುವಾಗುವಾಗ ಮರ ಬಡಿಯುತ್ತಿದ್ದರಲ್ಲ, ಹಾಗೆ ಮೂರು ಸಲ ಬಡಿಯುತ್ತೇನೆ. ನಾನು ಎಳೆಯುತ್ತೇನೆ, ನೀನು ಆ ಕಡೆಯಿಂದ ತಳ್ಳು.

ಮುಂಬದಿಯನ್ನು ಓದಬೇಡ.