ಬನ್ನಂಗಡಿಯ ಹತ್ತಿರ ಎಡಕ್ಕೆ

ಅಕ್ಟೋಬರ್ 14, ಮಂಗಳವಾರ

ಮುಚ್ಚಿದ ಟ್ರ್ಯಾಕ್ಟರ್ ಕಾರ್ಖಾನೆಯ ಜಾಗದಲ್ಲಿ ಹೊರಗಿನಿಂದ ಬರುವವರಿಗೆ ಹೊಸ ಮನೆಗಳು ಬೇಕೋ ಬೇಡವೋ ಎಂದು ನಾಳೆ ನಗರಸಭೆಯಲ್ಲಿ ಸದಸ್ಯನಾದ ನಾನು ಕೈ ಎತ್ತಿ ಮತ ಹಾಕಬೇಕು. ಪಕ್ಕದ ಮನೆಯ ಲಾವರ್ನ್ ಅಜ್ಜಿ ಬೆಳಿಗ್ಗೆಯೇ ಗದರಿದ್ದರು: "ನಮ್ಮೂರು ಷಿಕಾಗೋ ಆಗ್ಬೇಕೇನೋ ಡ್ವೈಟ್? ಇದ್ದಷ್ಟೇ ಸಾಕು."

ನಮ್ಮಲ್ಲಿ ದಾರಿ ಹೇಳುವುದೇ ಸತ್ತ ಅಂಗಡಿಗಳ ಹೆಸರಿನಲ್ಲಿ: ಹಳೇ ಬೇಕರಿ ಇದ್ದಲ್ಲಿ ತಿರುಗಿ, ಸಿನಿಮಾ ಮಂದಿರ ಇದ್ದಲ್ಲಿಂದ ಸೀದಾ. ಹೊಸಬರು ಪಾಪ, ಕಣ್ಣು ಕಣ್ಣು ಬಿಡುತ್ತಾರೆ.

ಸಂಜೆ ಲಾರಿಯವನೊಬ್ಬ ದಾರಿ ಕೇಳಿದಾಗ ಅಜ್ಜಿ ಬೇಲಿಯಾಚೆಯಿಂದ ಹೇಳಿದರು: "ಸೀದಾ ಹೋಗಪ್ಪ, ಆ ಕಾಂಗೋದವಳ ಬನ್ನಂಗಡಿ ಹತ್ರ ಎಡಕ್ಕೆ."

ಅದೇ ಹಳೇ ಬೇಕರಿಯ ತಿರುವು; ಕಾಂಗೋದಿಂದ ಬಂದ ಹೆಂಗಸೊಬ್ಬಳು ಈಗ ಅಲ್ಲಿ ಬನ್ನಿನ ಅಂಗಡಿ ಇಟ್ಟಿದ್ದಾಳೆ. ಹಳೇ ಬೇಕರಿಯ ಹೆಸರು ಅಜ್ಜಿಗೆ ನೆನಪೇ ಆಗಲಿಲ್ಲ.

"ನಾಳೆ ಬೇಡ ಅನ್ನು, ಮರೀಬೇಡ," ಎನ್ನುತ್ತ ಆ ಅಂಗಡಿಯದೇ ಎರಡು ಬನ್ನು ನನ್ನ ಕೈಗೆ ತುರುಕಿದರು.

ಎರಡನ್ನೂ ತಿಂದೆ. ನಾಳೆ ಬೇಕು ಅಂತಲೇ ಕೈ ಎತ್ತುತ್ತೇನೆ. ಅಜ್ಜಿ ಬೈಯುತ್ತಾರೆ, ಬನ್ನು ತರುವುದನ್ನಂತೂ ಬಿಡುವುದಿಲ್ಲ.