ಬಿಚ್ಚಿ ಕಟ್ಟುವ ಕೈ

೪-೪-೯೮, ಶನಿವಾರ

ಸ್ಪ್ರಿಂಗ್ ತಕ್ಕಡಿ ಕಪಾಟಿನ ಮೇಲಿನಿಂದ ಇಳಿಯಿತು. ಮೇ ಹದಿನಾಲ್ಕಕ್ಕೆ ನಾನು ಈ ಕೊಲ್ಲಿ ದೇಶದಿಂದ ಊರಿಗೆ ಹೊರಡುವುದು ನಮ್ಮ ಬಡಾವಣೆ ಸನದ್‌ಗೆಲ್ಲ ಗೊತ್ತಾಗಿದೆ. ಪಾರ್ಸೆಲ್‌ಗಳು ಬರಲು ಶುರು. ಕೆಳಗಿನ ಅಂಗಡಿಯ ಹುಸೈನಬ್ಬ ಮಗಳಿಗೆಂದು ಎರಡು ಕಟ್ಟು ಕೊಟ್ಟರು. ತಮ್ಮ ಅಕ್ಕನ ಮಗ ಅಫ್ಸಲ್ ಊರಿಗೆ ಹೋಗುವಾಗ ಕೊಡ್ತೇನೆ ಅಂದಿದ್ದರು, ನಾನೇ ಬಿಡಲಿಲ್ಲ. ಇಸ್ತ್ರಿ ಮೇಜಿಗೆ ಹಾಸಿದ ಹಳೆಯ ನೀಲಿ ಬ್ಲ್ಯಾಂಕೆಟ್ ಮೇಲೆ ಎಲ್ಲ ಬಿಚ್ಚಿ ಹರಡಿದೆ. ಬಿಚ್ಚಿ ನೋಡದೆ ಯಾರದ್ದೂ ಒಯ್ಯುವವಳಲ್ಲ ನಾನು. ಕಸ್ಟಮ್ಸಿನಲ್ಲಿ ಉತ್ತರ ಕೊಡಬೇಕಾದವಳು ನಾನು ತಾನೇ. ಆಮೇಲೆ ಪುನಃ ಕಟ್ಟುವುದು. ನನ್ನ ಹಾಗೆ, ಗಟ್ಟಿಯಾಗಿ.

ಹರಿನಾಥ ಎಂಬ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. “ನೀನೆಂತ, ಕಾರ್ಗೋ ಆಫೀಸಾ?”

ಅಸ್ಕರ್‌ಗೆ ಫೋನ್ ಮಾಡಿದೆ, ಆ ಊರಲ್ಲಿರುವ ತಂಗಿ ಕ್ಷಮಾಳಿಗೆ. ಅಮ್ಮನಿಗೆ ಏನು ಕಳಿಸ್ತಿ ಅಂತ ಕೇಳಿದರೆ, “ಈ ಸಲ ಎಂತದ್ದೂ ಇಲ್ಲ ಅಕ್ಕ.” ಹೋದ ವರ್ಷವೂ ಇದೇ ಮಾತು. ಅವಳ ಗಂಡನಿಗೆ ಪ್ಲಾಂಟಿನಲ್ಲಿ ಕೆಲಸ ಹುಡುಕಿ, ವೀಸಾ ಮಾಡಿಸಿ, ಇಬ್ಬರನ್ನೂ ಇಲ್ಲಿಗೆ ತಂದವಳು ನಾನು. ಹೆತ್ತ ತಾಯಿಗೆ ಒಂದು ಸೋಪೂ ಇಲ್ಲವೆಂದರೆ... ಇರಲಿ. ಅವಳ ಹೆಸರಿನಲ್ಲಿ ನಾನೇ ಏನಾದರೂ ಇಟ್ಟರಾಯಿತು.

೧೨-೪, ಭಾನುವಾರ

ಆಫೀಸಿನಲ್ಲಿ ಹೊಸ ಅವಾಂತರ. ಅನಿಷಾ ಮತ್ತು ಇನ್ನೊಬ್ಬಳು ನನ್ನ ಸೆಕ್ಷನ್ ಬೇಡವೆಂದು ಬರೆದುಕೊಟ್ಟಿದ್ದಾರೆ. ಇಬ್ಬರಿಗೂ ಕೆಲಸ ಕಲಿಸಿದವಳು ನಾನು. ಜಿ.ಎಂ. ಕರೆದು ನಯವಾಗಿ ಹೇಳಿದರು. ನಾಲ್ಕು ಸೆಷನ್ ಕೌನ್ಸೆಲಿಂಗ್. ಕೋಚಿಂಗ್ ಅಂತ ತಿಳ್ಕೊಳ್ಳಿ ಅಂದರು. ಡಿಪ್ಲೊಮ್ಯಾಟಿಕ್ ಏರಿಯಾದ ಈ ಕಟ್ಟಡದಲ್ಲಿ ಹದಿನಾರು ವರ್ಷ ಸವೆಸಿದವಳಿಗೆ ಈಗ ಕೋಚಿಂಗ್.

ಕೌನ್ಸೆಲರ್ ಅಂದರೆ ಲಂಡನ್ನಿನವರು ಯಾರೋ ಇರಬೇಕು ಅಂದುಕೊಂಡು ಮೂರನೇ ಮಹಡಿಗೆ ಹೋದೆ. ನೋಡಿದರೆ ಎವ್ಲಿನ್ ಎಂಬ ನಮ್ಮೂರ ಕಡೆಯ, ಬಜ್ಪೆಯ ಹೆಂಗಸು. ಹೋದ ಜೀವ ಬಂತು. ಯಾರ ಮನೆ, ಯಾವ ಇಗರ್ಜಿ ಎಂದು ಹತ್ತು ನಿಮಿಷ ನಾನೇ ವಿಚಾರಣೆ ಮಾಡಿದೆ. ಆಕೆ ಎಲ್ಲಕ್ಕೂ ಉತ್ತರ ಕೊಟ್ಟು ಮೆಲ್ಲ ಕೇಳಿದರು, “ಹುಡುಗಿಯರು ಮಾಡಿದ ಲೆಟರ್ ನೀವು ಪುನಃ ಟೈಪ್ ಮಾಡ್ತೀರಂತೆ?”

“ತಪ್ಪಿದ್ರೆ ಮಾಡ್ಬೇಕಲ್ಲ.”

“ಮಾಡಿದ್ದು ಅವರಿಗೆ ಹೇಳ್ತೀರಾ?”

“ಇಲ್ಲಪ್ಪ. ಪಾಪ, ಬೇಜಾರಾಗ್ತದೆ.”

ಎಂತದೋ ಬರೆದುಕೊಂಡರು. ಕತ್ತು ಉದ್ದ ಮಾಡಿದರೂ ಓದಲಾಗಲಿಲ್ಲ.

೧೯-೪, ಭಾನುವಾರ

ಎರಡನೇ ಸೆಷನ್. ಎವ್ಲಿನ್ ಕಾಗದದಲ್ಲಿ ನಾಲ್ಕು ಗಾಜಿನ ಒಂದು ಕಿಟಕಿ ಬರೆದರು. ಒಂದು ಗಾಜು, ನನಗೂ ಗೊತ್ತು ಊರಿಗೂ ಗೊತ್ತು. ಇನ್ನೊಂದು ನನಗೆ ಮಾತ್ರ. ಮತ್ತೊಂದು ಯಾರಿಗೂ ಗೊತ್ತಿಲ್ಲದ್ದು. ಕೊನೆಯದ್ದು, ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೆ ಕಾಣದ್ದು. ತನ್ನ ಬೆನ್ನು ತನಗೆ ಕಾಣದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಅದಕ್ಕೆ ಒಂದು ಡಿಗ್ರಿ ಬೇಕೇ?

ಹೋಂವರ್ಕ್ ಬೇರೆ. ನನಗೆ ಕಾಣದ್ದು ನನ್ನಲ್ಲಿ ಎಂತ ಉಂಟು ಎಂದು ಮೂರು ಜನರನ್ನು ಕೇಳಬೇಕು. ಕೇಳಿ ‘ಆಯ್ತು’ ಅನ್ನಬೇಕು, ಅಷ್ಟೇ. ವಾದ ಮಾಡಬಾರದು.

೨೦-೪

ಯಜಮಾನರನ್ನು ಕೇಳಿದೆ. “ಮೊದಲು ಊಟ ಹಾಕು.” ಕೈ ತೊಳೆದು ಬಂದು ಹೇಳಿದರು, “ನಾನು ಮಡಚಿದ ಅಂಗಿ ನೀನು ಬಿಚ್ಚಿ ಪುನಃ ಮಡಚ್ತಿ. ಮದುವೆಯಾದಂದಿನಿಂದ. ಕಡೆಗೆ ನಾನು ಮಡಚುದೇ ಬಿಟ್ಟೆ. ಈಗ ಎಲ್ಲರ ಹತ್ರ ಹೇಳ್ತಿ, ಇವರು ಒಂದು ಕಡ್ಡಿ ಆಚೆ ಈಚೆ ಮಾಡುದಿಲ್ಲ ಅಂತ.”

ಆಯ್ತು ಅಂದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಯಿತು. ಆದರೆ ಅವರು ಮಡಚಿದರೆ ಕಾಲರ್ ಸೊಟ್ಟ ಇರುವುದು ಸತ್ಯ.

೨೩-೪, ಗುರುವಾರ

ಕೊತ್ತಂಬರಿ ಸೊಪ್ಪಿಗೆ ಹೋದವಳು ಹುಸೈನಬ್ಬರನ್ನೂ ಕೇಳಿಬಿಟ್ಟೆ. ಅವರು ನಕ್ಕರು. “ನಿಮ್ಮಂಥ ಉಪಕಾರಿ ಇಲ್ಲ ಉಷಕ್ಕ. ಆದ್ರೆ ನಿಮ್ಮ ಉಪಕಾರ ಬೇಡ ಹೇಳ್ಲಿಕ್ಕೆ ನೀವು ಜಾಗವೇ ಬಿಡುದಿಲ್ಲ.” ಸೊಪ್ಪು ಕಟ್ಟುತ್ತಾ, “ನಿಮ್ಮ ತಂಗಿ ಅದಕ್ಕೇ ಅಫ್ಸಲ್ ಹತ್ರ ಕೊಡುದೋ ಏನೋ.”

“ಎಂತ ಕೊಡುದು?”

“ಅಮ್ಮನಿಗೆ ಪಾರ್ಸೆಲ್. ಹೋದ ವರ್ಷವೂ ಅವನೇ ಮುಲ್ಕಿಗೆ ಮುಟ್ಟಿಸಿದ್ದಲ್ವಾ. ನಿಮಗೆ ಗೊತ್ತಿಲ್ವಾ?”

ಆಯ್ತು ಅಂದೆ. ಸೊಪ್ಪು ಅಲ್ಲೇ ಬಿಟ್ಟು ಬಂದೆ. ಒಡಹುಟ್ಟಿದವಳು ನಾನಿರುವಾಗ ಯಾರದೋ ಕೈಯಲ್ಲಿ... ಬರೆಯಲಾರೆ.

೮-೫, ಶುಕ್ರವಾರ

ಹದಿನೈದು ದಿನ ಈ ಪುಸ್ತಕ ತೆರೆಯಲಿಲ್ಲ. ಜ್ವರವೆಂದು ಸುಳ್ಳು ಹೇಳಿ ಸೆಷನ್ನಿಗೂ ಹೋಗಲಿಲ್ಲ. ನಿನ್ನೆ ಎವ್ಲಿನ್ ಫೋನ್ ಮಾಡಿದರು. “ಮೂರನೆಯವರನ್ನು ಕೇಳಿದ್ರಾ?”

ಇವತ್ತು ಅಸ್ಕರ್‌ಗೆ ಹೋದೆ. ಕ್ಷಮಾ ಹೊಲಿಗೆ ಮೆಷಿನ್ ಮುಂದೆ ಇದ್ದಳು. ಜಗಳಕ್ಕೆಂದೇ ಹೋದದ್ದು, ಬಾಯಲ್ಲಿ ಬಂದದ್ದು ಮಾತ್ರ ಹೋಂವರ್ಕಿನ ಪ್ರಶ್ನೆ. ಅವಳು ಒಂದು ತೋಳು ಹೊಲಿದು ಮುಗಿಸಿದಳು. ಆಮೇಲೆ ಹೇಳಿದಳು.

“ಮೂರು ವರ್ಷದ ಹಿಂದೆ ಅಮ್ಮನಿಗೆ ಅಂತ ನಿನ್ನ ಹತ್ರ ಒಂದು ಬ್ಲ್ಯಾಂಕೆಟ್ ಕೊಟ್ಟಿದ್ದೆ. ನಾನು ಹೊಲಿದು ದುಡಿದ ಮೊದಲ ಹಣದ್ದು.”

ನೆನಪಿತ್ತು. ಬಡಕಲು ಬ್ಲ್ಯಾಂಕೆಟ್. ಅಮ್ಮನ ಮುಂದೆ ತಂಗಿಯ ಮರ್ಯಾದೆ ಹೋಗಬಾರದೆಂದು ನಾನೇ ದಪ್ಪದ್ದು, ಗುಲಾಬಿ ಹೂವಿನದ್ದು ತಂದು ಅವಳ ಹೆಸರಿನಲ್ಲಿ ಕೊಟ್ಟಿದ್ದೆ. ಅವಳಿಗೆ ಹೇಳಿರಲಿಲ್ಲ. ದೊಡ್ಡ ಉಪಕಾರ ಮಾಡಿದೆನೆಂದು ಇವತ್ತು ಬೆಳಿಗ್ಗೆವರೆಗೂ ನಂಬಿದ್ದೆ.

“ಗುಲಾಬಿ ಹೂ ಚಂದ ಉಂಟು ಅಂತ ಅಮ್ಮ ಫೋನಲ್ಲಿ ಹೇಳಿದ್ರು. ಹೌದಮ್ಮ ಅಂದೆ. ಇನ್ನೆಂತ ಹೇಳುದು? ದಪ್ಪದ್ದು ಹೊದ್ದರೆ ಅವರಿಗೆ ಎದೆ ಮೇಲೆ ಭಾರ ಆಗ್ತದೆ ಅಕ್ಕ. ಅದಕ್ಕೇ ನಾನು ನಾಲ್ಕು ಅಂಗಡಿ ಸುತ್ತಿ ತೆಳುವಾದ್ದು ಹುಡುಕಿದ್ದು. ನಿನ್ನದು ಇವತ್ತಿಗೂ ಅಮ್ಮನ ಕಪಾಟಿನಲ್ಲೇ ಉಂಟು. ಒಂದು ಫೋನ್ ಮಾಡಿ ಕೇಳ್ಬಹುದಿತ್ತು ನೀನು.”

“ನನಗೆ ಹೊಳೀಲಿಲ್ಲ ಕ್ಷಮಾ.”

“ನನ್ನದು ಎಲ್ಲುಂಟು, ಗೊತ್ತುಂಟಾ ನಿನಗೆ?”

ಯೋಚಿಸಿದೆ. ನಿಜವಾಗಿಯೂ ನೆನಪಾಗಲಿಲ್ಲ.

“ನಿನ್ನ ಇಸ್ತ್ರಿ ಮೇಜಿನ ಮೇಲೆ. ನಿಮ್ಮಲ್ಲಿಗೆ ಊಟಕ್ಕೆ ಬಂದಾಗ ನೋಡಿದೆ. ಒಂದು ಮೂಲೆ ಸುಟ್ಟಿದೆ.”

ಅವಳು ಅಳಲಿಲ್ಲ. ಅತ್ತವಳು ನಾನು. ಆಯ್ತು ಅನ್ನಲೂ ಆಗಲಿಲ್ಲ.

೯-೫

ಬ್ಲ್ಯಾಂಕೆಟ್ ತೆಗೆದು ಒಗೆದು ಹಾಕಿದೆ. ಸುಟ್ಟ ಕಲೆ ಹಾಗೇ ಇದೆ. ಎಷ್ಟು ಮೆತ್ತಗಿದೆ ಎಂದು ಇವತ್ತು ಗೊತ್ತಾಯಿತು.

೧೦-೫, ಭಾನುವಾರ

ಎವ್ಲಿನ್‌ಗೆ ಎಲ್ಲ ಹೇಳಿದೆ. ಸಮಾಧಾನ ಮಾಡಿಯಾರು ಅಂದುಕೊಂಡಿದ್ದೆ. “ಈಗ ಎಂತ ಮಾಡ್ತೀರಿ?” ಅಂದರು.

“ಒಂದು ಹೊಸ ತೆಳು ಬ್ಲ್ಯಾಂಕೆಟ್ ತೆಗೊಂಡು, ಕ್ಷಮಾಳ ಹೆಸರಿನಲ್ಲಿ ಅಮ್ಮನಿಗೆ...” ಅಂದವಳು ಅಲ್ಲೇ ನಿಂತೆ. ಆಕೆ ನಗು ತಡೆದುಕೊಂಡರು. ನನಗೆ ತಡೆಯಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಅನಿಷಾಳ ಲೆಟರ್‌ಗೆ ಪೆನ್ಸಿಲಿನಲ್ಲಿ ಗುರುತು ಮಾಡಿ ಅವಳಿಗೇ ವಾಪಸ್ ಕೊಟ್ಟೆ. ಅನುಮಾನದಿಂದ ನೋಡಿದಳು. ನ್ಯಾಯವೇ.

೧೪-೫, ಗುರುವಾರ, ಬೆಳಿಗ್ಗೆ ೭

ಮಧ್ಯಾಹ್ನ ಫ್ಲೈಟ್. ನಿನ್ನೆ ಸಂಜೆ ಕ್ಷಮಾ ಬಂದಳು. ನಾನು ಕರೆದಿರಲಿಲ್ಲ. ಒಂದು ಪಾರ್ಸೆಲ್ ಇಸ್ತ್ರಿ ಮೇಜಿನ ಮೇಲಿಟ್ಟಳು. ಬೋಳು ಮೇಜನ್ನು ನೋಡಿದಳು.

“ಅಮ್ಮನಿಗೆ. ಎರಡು ರವಿಕೆ, ಒಂದು ಸಣ್ಣ ಫ್ಲಾಸ್ಕ್. ಅಫ್ಸಲ್ ಹತ್ರ ಕೊಡ್ಲಿಕ್ಕೆ ಇದ್ದದ್ದು, ವಾಪಸ್ ತೆಗೊಂಡೆ. ಬಿಚ್ಚಬೇಡ ಅಕ್ಕ.”

ಆಯ್ತು ಅಂದೆ. ಈ ಸಲ ಮುಳ್ಳು ಸಿಕ್ಕಲಿಲ್ಲ.

ಈಗ ತೂಕ ನೋಡಿದೆ, ಸರಿಯಿದೆ. ಆದರೆ ಒಂದು ಕಡೆ ಗಂಟು ಸಡಿಲ. ಬೊಂಬಾಯಿ ಮುಟ್ಟುವ ಮೊದಲು ಬಿಚ್ಚಿಕೊಳ್ಳುವುದು ಖಂಡಿತ. ಫ್ಲಾಸ್ಕಿನ ಒಳಗೆ ಗಾಜು. ಹಗ್ಗ ಕೈಯಲ್ಲೇ ಇದೆ, ಎರಡು ನಿಮಿಷದ ಕೆಲಸ. ಅವಳಿಗೆ ಗೊತ್ತೂ ಆಗುವುದಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದರು, ಒಳಗೆ ಹೋದರು.

ಹಗ್ಗ ಕೆಳಗಿಟ್ಟೆ. ಫೋನ್ ಎತ್ತಿದೆ. ಕಿವಿಯಲ್ಲಿ ರಿಂಗ್, ಕೈಯಲ್ಲಿ ಪೆನ್ನು. ಬೈದರೆ ಬೈಯಲಿ. ಬೇಡ ಅಂದರೆ ಹಾಗೇ ಒಯ್ಯುತ್ತೇನೆ, ಮುಲ್ಕಿವರೆಗೂ ಮಡಿಲಲ್ಲಿಟ್ಟುಕೊಂಡು. ನಾಲ್ಕನೇ ರಿಂಗ್... ಎತ್ತಿದಳು. ಕ್ಷಮಾ, ನಾನು. ನಿನ್ನ ಹತ್ರ ಒಂದು ಕೇಳ್ಲಿಕ್ಕಿತ್ತು—